ಮನೆಯಲ್ಲೇ ಇದ್ದು ‘ಮನಿಗಿ ಹೋಗ್ತೀನಿ’ ಅಂದರೆ?

ಪ್ರಶ್ನೆ: ಅವ್ವನಿಗೆ 72 ವರ್ಷ. ತವರು ಚಿಂಚೋಳಿ, ವಾಡಿಗೆ ಬಂದು 50 ವರ್ಷವಾಯಿತು. ಹೊತ್ತು ಮುಳುಗಿದರೆ ‘ನಮ್ಮನಿಗಿ ಕರಕೊಂಡು ಹೋಗು’ ಅಂತ ಬಾಗಿಲಿಗೆ ಬರುತ್ತಾಳೆ. ಯಾಕೆ ಹೀಗೆ?

ಉತ್ತರ: ಅವ್ವ ಹಟ ಮಾಡುತ್ತಿಲ್ಲ; ಇದು ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಇರಬಹುದು. ಆಲ್ಝೈಮರ್ ಸಾಮಾನ್ಯವಾಗಿ ಮೊದಲು ಹಾಳುಮಾಡುವುದು ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಭಾಗವನ್ನು. ಮಧ್ಯಾಹ್ನದ ಊಟ ಮರೆತುಹೋಗುತ್ತದೆ, ಬಾಲ್ಯದ ಅಂಗಳ ಉಳಿಯುತ್ತದೆ. ಆಕೆ ಕೇಳುವ ‘ಮನಿ’ ಚಿಂಚೋಳಿಯದಿರಬಹುದು. ಸಂಜೆಯ ಮಸುಕು, ದಣಿವು ಈ ಗೊಂದಲವನ್ನು ಹೆಚ್ಚಿಸುತ್ತವೆ.

‘ಇದೇ ನಿನ್ನ ಮನಿ’ ಎಂದು ದಯವಿಟ್ಟು ವಾದಿಸಬೇಡಿ. ‘ಹೋಗೋಣವ್ವ, ತವರಮನಿ ಹ್ಯಾಂಗಿತ್ತು ಹೇಳು’ ಅನ್ನಿ. ಕತ್ತಲಾಗುವ ಮುಂಚೆಯೇ ದೀಪ ಹಾಕಿ, ಮೊರದಲ್ಲಿ ಎರಡು ಹಿಡಿ ತೊಗರಿಬೇಳೆ ಕೊಟ್ಟು ಹಸನು ಮಾಡಲು ಕೂರಿಸಿ. ಬೆರಳುಗಳ ರೂಢಿ ಅಷ್ಟು ಬೇಗ ಹೋಗುವುದಿಲ್ಲ; ಕಲ್ಲು, ಹೊಟ್ಟು ಬೇರೆಯಾಗುತ್ತಾ ಮನಸ್ಸೂ ತಣ್ಣಗಾಗುತ್ತದೆ. ನೆಲಕ್ಕೆ ಶಹಾಬಾದ್ ಕಲ್ಲಿದ್ದರೆ, ಒರೆಸಿದ ಹೊಳಪು ನೀರಿನಂತೆ ಕಂಡು ಆಕೆ ಹೆಜ್ಜೆ ಇಡಲು ಅಂಜಬಹುದು. ಕೈ ಹಿಡಿದು ದಾಟಿಸಿ. ವಾಡಿಯಲ್ಲಿ ರೈಲು ಹಳಿಗಳ ಜಾಲವೇ ಇದೆ, ಆಕೆ ಒಬ್ಬಳೇ ಹೊರಟರೆ ಅಪಾಯ. ಫೋನ್ ನಂಬರಿನ ಚೀಟಿ ಸದಾ ಆಕೆಯ ಮೈಮೇಲಿರಲಿ.

ತಪಾಸಣೆ ಇನ್ನೂ ಆಗಿರದಿದ್ದರೆ ಕಲಬುರಗಿಯಲ್ಲಿ ನರರೋಗ ತಜ್ಞರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ನೋಡಿಕೊಳ್ಳುವ ನಿಮಗೇ ಸೋತಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆಮಾಡಿ. ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಆಲ್ಝೈಮರ್ ಆಗಿದ್ದರೆ ಮುಂದೆ ಆಕೆ ನಿಮ್ಮ ಹೆಸರೂ ಮರೆಯಬಹುದು, ನುಂಗಲು ಕಷ್ಟವಾಗಬಹುದು. ಆಗಲೂ ಪರಿಚಿತ ದನಿ, ತಲೆ ಸವರುವ ಕೈ ಆಕೆಗೆ ಸಮಾಧಾನ ಕೊಡುತ್ತವೆ.