ಚಳಿ ಬಂತು, ಬಚ್ಚಲುಮನೆ ಒಮ್ಮೆ ನೋಡಿ: ಗ್ಯಾಸ್ ಗೀಸರ್, ಕರೆಂಟ್ ಗೀಸರ್, ಸೋಲಾರ್‌ಗೆ ಏನೇನು ತಯಾರಿ ಬೇಕು?

ಚಿಕ್ಕಮಗಳೂರು: ಮಳೆ ಹಿಂದೆ ಸರಿದು ಬೆಳಗಿನ ಮಂಜು ಶುರುವಾದರೆ ಜಿಲ್ಲೆಯ ಪ್ರತಿ ಮನೆಯಲ್ಲೂ ಬಿಸಿನೀರಿನದ್ದೇ ಮಾತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬೋ ಪದ್ಧತಿ ಮಲೆನಾಡಿನಲ್ಲಿ ಈಗಲೂ ಇದೆ. ಶಾಸ್ತ್ರ ಅಂತ ಮಾಡಿದರೂ ಅದು ಚಳಿಗೆ ಮುಂಚೆ ಹಂಡೆಗೆ ಮಾಡೋ ಸರ್ವೀಸ್ ಇದ್ದ ಹಾಗೆ. ಈಗ ಹಂಡೆ ಜಾಗಕ್ಕೆ ಗೀಸರ್, ಸೋಲಾರ್ ಬಂದಿವೆ. ಅವುಗಳಿಗೆ ಮಾತ್ರ ಕೆಟ್ಟುಹೋಗೋ ತನಕ ಯಾರೂ ಕೈ ಹಾಕಲ್ಲ. ಇದರಲ್ಲಿ ಕೆಲವು ತಪ್ಪುಗಳಿಗೆ ಕರೆಂಟ್ ಬಿಲ್ ಜಾಸ್ತಿ ಬರುತ್ತೆ, ಅಷ್ಟೆ. ಒಂದು ತಪ್ಪಿಗೆ ಮಾತ್ರ ಜೀವವೇ ಹೋಗುತ್ತೆ.

ವೆಂಟಿಲೇಟರ್‌ಗೆ ರಟ್ಟು ಇಡಬೇಡಿ

ಆ ತಪ್ಪು ಗ್ಯಾಸ್ ಗೀಸರ್‌ಗೆ ಸಂಬಂಧಿಸಿದ್ದು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಹಂಡೆ ಒಲೆಯ ಬಾಯಿ ಬಚ್ಚಲಿನ ಹೊರಗಿರುತ್ತಿತ್ತು. ಒಳಗಿದ್ದರೂ ಹೆಂಚಿನ ಸಂದಿಯಲ್ಲಿ ಹೊಗೆ ಹೊರಗೆ ಹೋಗುತ್ತಿತ್ತು. ಈಗಿನ ಬಾತ್‌ರೂಮ್‌ಗೆ ಆರ್‌ಸಿಸಿ ಸೂರು, ಗಟ್ಟಿ ಬಾಗಿಲು, ಒಂದು ಸಣ್ಣ ವೆಂಟಿಲೇಟರ್. ಚಳಿ ಗಾಳಿ ಬರುತ್ತೆ ಅಂತ ಅದಕ್ಕೂ ರಟ್ಟೋ ಚೀಲವೋ ತುರುಕ್ತಾರೆ. ಒಳಗೆ ಗ್ಯಾಸ್ ಉರಿಯುತ್ತಿರುತ್ತೆ.

ಬೆಂಕಿ ಉರಿಯೋಕೆ ಆಮ್ಲಜನಕ ಬೇಕು. ಮುಚ್ಚಿದ ಕೋಣೆಯಲ್ಲಿ ಅದು ಕಡಿಮೆಯಾಗುತ್ತಾ ಹೋದರೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಹುಟ್ಟುತ್ತೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಲೀಕಾದರೆ ಮೂಗಿಗೆ ಬಡಿಯೋದು ಅಡುಗೆ ಅನಿಲಕ್ಕೆ ಬೇಕಂತಲೇ ಬೆರೆಸಿರೋ ವಾಸನೆ. ಕಾರ್ಬನ್ ಮೊನಾಕ್ಸೈಡ್ ವಿಷಯದಲ್ಲಿ ಅಂಥ ಮುನ್ಸೂಚನೆ ಸಿಗೋದೇ ಇಲ್ಲ.

ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಉಸಿರಾಡ್ತಾ ಇದ್ದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕೈಕಾಲಿನ ಶಕ್ತಿ ಹೋಗುತ್ತೆ. ಅಪಾಯ ಗೊತ್ತಾದರೂ ಎದ್ದು ಚಿಲಕ ತೆಗೆಯೋಕೆ ಆಗಲ್ಲ. "ಸ್ನಾನ ಮಾಡಿ ಬಂದ ಮೇಲೆ ದಿನಾ ತಲೆನೋವು, ಗ್ಯಾಸ್ಟ್ರಿಕ್ ಇರಬೇಕು" ಅನ್ನೋರು ಮನೆಯಲ್ಲಿದ್ದರೆ ಮಾತ್ರೆ ತರೋದರ ಜೊತೆಗೆ ಬಾತ್‌ರೂಮಿನ ಗಾಳಿಯನ್ನೂ ಗಮನಿಸಿ.

ಗ್ಯಾಸ್ ಗೀಸರ್ ಇರೋರು ಇಷ್ಟು ಮಾಡಬೇಕು:

- ಗೀಸರ್ ಹಾಗೂ ಸಿಲಿಂಡರ್ ಎರಡನ್ನೂ ಬಾತ್‌ರೂಮಿನ ಹೊರಗೆ, ಗಾಳಿಯಾಡೋ ಜಾಗದಲ್ಲಿ ಇಡಿಸಿ. ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ಎಲ್ಲಕ್ಕಿಂತ ದೊಡ್ಡ ಪರಿಹಾರ ಇದೇ.
- ಅಲ್ಲಿಯವರೆಗೆ ಬಾಗಿಲು ತೆಗೆದಿಟ್ಟು ಬಕೆಟ್‌ಗೆ ನೀರು ಹಿಡಿಯಿರಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಗೀಸರ್ ಉರಿಯುತ್ತಿರುವಾಗ ಶವರ್ ಕೆಳಗೆ ನಿಲ್ಲಬೇಡಿ.
- ಎಕ್ಸಾಸ್ಟ್ ಫ್ಯಾನ್ ಒಂದನ್ನೇ ನಂಬಬೇಡಿ. ಫ್ಯಾನ್ ಗಾಳಿ ಹೊರಗೆ ತಳ್ಳಬೇಕಾದರೆ ಒಳಗೆ ಹೊಸ ಗಾಳಿ ಬರೋ ದಾರಿಯೂ ಇರಬೇಕು.
- ಜ್ವಾಲೆ ನೀಲಿ ಇರಬೇಕು. ಹಳದಿಗೆ ತಿರುಗಿದ್ದರೆ, ಮಸಿ ಕಟ್ಟಿದ್ದರೆ ಬಳಸೋದು ನಿಲ್ಲಿಸಿ ಮೆಕ್ಯಾನಿಕ್ ಕರೆಸಿ.
- ಗ್ಯಾಸ್ ಪೈಪ್ 5 ವರ್ಷಕ್ಕೊಮ್ಮೆ ಬದಲಿಸಿ. ಬಿರುಕು ಕಂಡರೆ ಕಾಯಬೇಡಿ.

ಸ್ನಾನಕ್ಕೆ ಹೋದವರು ಕೂಗಿದರೂ ಓಗೊಡದಿದ್ದರೆ ಬಾಗಿಲು ಒಡೆದಾದರೂ ತೆಗೆಯಿರಿ. ಗ್ಯಾಸ್ ಬಂದ್ ಮಾಡಿ, ಅವರನ್ನು ಬಯಲು ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಅನ್ನೋದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಕೋವಿಡ್ ಕಾಲದಲ್ಲಿ ತಂದ ಬೆರಳಿನ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತೆ. ಈ ವಿಷ ಏರಿದ್ದರೂ ಅದು ಸರಿಯಾದ ಅಂಕಿಯನ್ನೇ ತೋರಿಸಬಹುದು.

ಮಲಗೋ ಕೋಣೆಗೆ ಕೆಂಡದ ಬಾಣಲೆ ತಂದು ಬಾಗಿಲು ಹಾಕಿಕೊಳ್ಳೋದಕ್ಕೂ ಇದೇ ಮಾತು ಅನ್ವಯ. ಕೆಂಡದಿಂದಲೂ ಬರೋದು ಅದೇ ಅನಿಲ.

ಕರೆಂಟ್ ಗೀಸರ್: ತೊಟ್ಟಿಕ್ಕೋ ವಾಲ್ವ್ ಮುಚ್ಚಬೇಡಿ

ಕಡೂರು, ತರೀಕೆರೆ, ಅಜ್ಜಂಪುರ ಕಡೆ ಬೋರ್‌ವೆಲ್ ನೀರು ಬಳಸೋರಿಗೆ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟೋದು ಗೊತ್ತು. ಗೀಸರಿನ ಕಾಯಿಲ್ ಮೇಲೂ ಅದೇ ಪೊರೆ ಕೂರುತ್ತೆ. ನೀರು ಕಾಯೋಕೆ ಹೊತ್ತು ಹಿಡಿಯುತ್ತೆ, ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತೆ. ನೀರು ಕಾಯುವಾಗ ಗೊರಗೊರ ಸದ್ದು ಬಂದರೆ ಬಿಚ್ಚಿಸಿ ಕ್ಲೀನ್ ಮಾಡಿಸೋ ಹೊತ್ತಾಯ್ತು ಅಂತ ಅರ್ಥ. ಹಾಗೆ ಬಿಚ್ಚಿಸಿದಾಗ ಆನೋಡ್ ರಾಡನ್ನೂ ನೋಡಿಸಿ. ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ತಾನೇ ಸವೆಯೋ ಮೆಗ್ನೀಸಿಯಂ ಕಡ್ಡಿ ಅದು. ಪೂರ್ತಿ ಸವೆದಿದ್ದರೆ ಹೊಸದು ಹಾಕಿಸಿ.

ಬಿಸಿಯಾದಾಗ ನೀರು ಹಿಗ್ಗುತ್ತೆ. ಆಗ ಸೇಫ್ಟಿ ವಾಲ್ವ್‌ನಿಂದ ಎರಡು ಹನಿ ತೊಟ್ಟಿಕ್ಕೋದು ಸಹಜ. ಲೀಕ್ ಅಂತ ತಿಳಿದು ಅದನ್ನು ಬಿಗಿಯಾಗಿ ಮುಚ್ಚಿದರೆ ಒತ್ತಡ ಏರಿ ಟ್ಯಾಂಕ್ ಒಡೆಯಬಹುದು. ಸದಾ ಧಾರೆ ಸುರೀತಿದ್ದರೆ ಮಾತ್ರ ವಾಲ್ವ್ ಬದಲಿಸಬೇಕು.

ಖರ್ಚಿನ ಲೆಕ್ಕ ಸರಳ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸೋಕೆ ಸುಮಾರು 0.7 ಯೂನಿಟ್ ಬೇಕು. 2,000 ವಾಟ್ ಗೀಸರಿಗೆ ಅದು 20-22 ನಿಮಿಷದ ಕೆಲಸ. ಬೆಳಗಿನ ಜಾವದಿಂದ ಆನ್ ಮಾಡಿಟ್ಟು ಕಾಯಬೇಕಿಲ್ಲ. ಆದರೆ 60 ಡಿಗ್ರಿ ನೀರು ಮೈಮೇಲೆ ಬಿದ್ದರೆ 5 ಸೆಕೆಂಡಿನಲ್ಲಿ ಚರ್ಮ ಬೇಯುತ್ತೆ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಕ್ಕಳು, ವಯಸ್ಸಾದವರು ಇರೋ ಮನೆಯಲ್ಲಿ ಇದನ್ನು ಮರೆಯಲೇಬಾರದು.

ಅರ್ಥಿಂಗ್ ಸರಿ ಇದೆಯಾ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತಾ, ನೋಡಿ. ವಾಟರ್ ಕಾಯಿಲ್ (ರಾಡ್) ಬಳಸೋರು ನೀರಿಗೆ ಕೈ ಅದ್ದಿ ಬಿಸಿ ನೋಡಬೇಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ.

ಸೋಲಾರ್: ದಕ್ಷಿಣದ ನೆರಳು ನೋಡಿ

"ಬೇಸಿಗೆಯಲ್ಲಿ ಕುದಿಯೋ ನೀರು ಬರ್ತಿತ್ತು, ಡಿಸೆಂಬರ್‌ನಲ್ಲಿ ಉಗುರುಬೆಚ್ಚಗೆ" ಅನ್ನೋ ದೂರಿಗೆ ಮೋಡ, ಚಳಿ ಮಾತ್ರ ಕಾರಣ ಅಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿ ಮೇಲಿರ್ತಾನೆ. ಡಿಸೆಂಬರ್ ಕೊನೆಗೆ ನಮ್ಮ ಜಿಲ್ಲೆಯಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿ, ದಕ್ಷಿಣಕ್ಕೆ ವಾಲಿರ್ತಾನೆ. ಬೇಸಿಗೆಯಲ್ಲಿ ತೊಂದರೆ ಕೊಡದ ಸಿಲ್ವರ್ ಮರ, ಅಡಿಕೆ ಮರ, ಪಕ್ಕದವರ ಹೊಸ ಮಹಡಿ ಈಗ ನೆರಳು ಹಾಕಬಹುದು. ಬೆಳಗ್ಗೆ 10ಕ್ಕೆ, ಮಧ್ಯಾಹ್ನ 2ಕ್ಕೆ ಒಮ್ಮೆ ತಾರಸಿ ಹತ್ತಿ ನೋಡಿ.

ಗಾಜಿನ ಮೇಲಿನ ಧೂಳು, ಮಳೆಗಾಲದ ಪಾಚಿ ಒರೆಸಿ. ಆದರೆ ಟ್ಯೂಬ್ ಖಾಲಿಯಾಗಿ ಬಿಸಿಲಿಗೆ ಕಾದಿದ್ದರೆ ನಡುಮಧ್ಯಾಹ್ನ ತಣ್ಣೀರು ಬಿಡಬೇಡಿ, ಗಾಜು ಸಿಡಿಯುತ್ತೆ. ಈ ಕೆಲಸ ಬೆಳಗ್ಗೆ ಬೇಗ ಆಗಲಿ.

ಲಾಡ್ಜ್, ಹೋಂಸ್ಟೇ, ಅಂಗಡಿಯವರಿಗೆ

ಚಳಿಗಾಲ ಪ್ರವಾಸಿಗರ ಸೀಸನ್. ಬರೋ ಅತಿಥಿಗೆ ನಿಮ್ಮ ಗೀಸರ್ ಗೊತ್ತಿರಲ್ಲ, ಚಳಿ ಅಂತ ಎಲ್ಲಾ ಕಿಟಕಿ ಹಾಕಿಕೊಳ್ತಾರೆ. ಹಾಗಾಗಿ ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಇರಲೇಬಾರದು. ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸೋಹಾಗಿಲ್ಲ ಅನ್ನೋದೂ ನೆನಪಿರಲಿ. ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಅಂಗಡಿಯವರು ಗೀಸರ್, ರಾಡ್ ಕೊಡುವಾಗ ಐಎಸ್‌ಐ ಗುರುತು ಇರೋದನ್ನೇ ಕೊಡಿ. ಗ್ಯಾಸ್ ಗೀಸರ್ ಒಯ್ಯೋ ಗಿರಾಕಿಗೆ "ಹೊರಗೆ ಫಿಟ್ ಮಾಡಿಸಿ" ಅಂತ ಒಂದು ಮಾತು ಹೇಳಿ. ಬಿಲ್ಲಿಗಿಂತ ಆ ಮಾತು ದೊಡ್ಡದು.

ಗ್ಯಾಸ್ ಸೋರಿಕೆ ತುರ್ತು ಸಹಾಯವಾಣಿ: 1906
ಆಂಬುಲೆನ್ಸ್: 108