ಹೊಗೆಗೆ ಬೆಲೆ ಕಟ್ಟಬಹುದೇ?

ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದಾಗ ಹೊರಬೀಳುವ ಇಂಗಾಲಾಮ್ಲ ವಾಯುವು ಭೂಮಿಯನ್ನು ಕಂಬಳಿಯಂತೆ ಕವಿದು, ಅದರ ತಾಪವನ್ನು ಹೆಚ್ಚಿಸುತ್ತಿರುವುದನ್ನು ನಾವೆಲ್ಲರೂ ಬಲ್ಲೆವು. ಈ ವಾಯುವನ್ನು ಆಗಸಕ್ಕೆ ಬಿಡುವವರು ಸಾಮಾನ್ಯವಾಗಿ ಅದಕ್ಕೆ ಬೆಲೆ ತೆರುವುದಿಲ್ಲ. ಫಲವನ್ನು ಮಾತ್ರ ಜಗತ್ತೆಲ್ಲವೂ ಉಣ್ಣಬೇಕು. ಈ ಅನ್ಯಾಯವನ್ನು ತಿದ್ದಲು ಅರ್ಥಶಾಸ್ತ್ರಜ್ಞರು ಸೂಚಿಸಿದ ಮಾರ್ಗಗಳಲ್ಲಿ ಪರವಾನೆಗಳ ವ್ಯಾಪಾರವೂ ಒಂದು.

ಅದರ ಕ್ರಮವು ಸರಳವಾದುದು. ಕಾರ್ಖಾನೆಗಳೆಲ್ಲವೂ ಕೂಡಿ ವರ್ಷಕ್ಕೆ ಇಷ್ಟೇ ಟನ್ ವಾಯುವನ್ನು ಬಿಡಬಹುದೆಂದು ಸರಕಾರವು ಮಿತಿಯನ್ನು ಗೊತ್ತುಮಾಡಿ, ಟನ್ನಿಗೆ ಒಂದರಂತೆ ಪರವಾನೆಗಳನ್ನು ಹೊರಡಿಸುತ್ತದೆ. ಒಂದು ಟನ್ನನ್ನು ತಗ್ಗಿಸಲು ಒಂದು ಕಾರ್ಖಾನೆಗೆ 500 ರೂಪಾಯಿ, ಇನ್ನೊಂದಕ್ಕೆ 2000 ರೂಪಾಯಿ ವೆಚ್ಚವೆಂದು ಭಾವಿಸೋಣ. ಮೊದಲನೆಯದು ಒಂದು ಟನ್ ಹೆಚ್ಚಾಗಿ ತಗ್ಗಿಸಿ, ಉಳಿದ ಪರವಾನೆಯನ್ನು ಎರಡನೆಯದಕ್ಕೆ 1000 ರೂಪಾಯಿಗೆ ಮಾರಿದರೆ ಇಬ್ಬರಿಗೂ ಲಾಭ. ಒಟ್ಟು ವಾಯುವಾದರೋ ಮಿತಿಯನ್ನು ಮೀರದು.

ಯುರೋಪಿನ ಒಕ್ಕೂಟವು 2005ರಲ್ಲಿ ಈ ಪದ್ಧತಿಯನ್ನು ಆಚರಣೆಗೆ ತಂದಿತು. ಆದರೆ ಮೊದಲು ಪರವಾನೆಗಳನ್ನು ಬಹುಮಟ್ಟಿಗೆ ಉಚಿತವಾಗಿ, ಅದೂ ಅಗತ್ಯಕ್ಕಿಂತ ಹೆಚ್ಚಾಗಿ ಹಂಚಲಾಯಿತು. 2006ರಲ್ಲಿ ಲೆಕ್ಕವು ಹೊರಬಿದ್ದೊಡನೆ ಬೆಲೆ ಕುಸಿಯಿತು. 2007ರ ಕೊನೆಗೆ ಅದು ಸೊನ್ನೆಯ ಸಮೀಪಕ್ಕೆ ಇಳಿಯಿತು. 2008ರ ಆರ್ಥಿಕ ಮುಗ್ಗಟ್ಟಿನಲ್ಲಿ ಉತ್ಪಾದನೆ ತಗ್ಗಿ, ಪರವಾನೆಗಳು ಮತ್ತೆ ರಾಶಿಬಿದ್ದವು. ಅಗ್ಗವಾದ ಪರವಾನೆಯು ಯಾರನ್ನು ತಾನೇ ತಡೆದೀತು?

ಈ ಪಾಠವನ್ನು ಒಕ್ಕೂಟವು ಕಲಿಯಿತು. 2013ರಿಂದ ಮಿತಿಯನ್ನು ವರ್ಷವರ್ಷವೂ ಇಳಿಸತೊಡಗಿತು; ವಿದ್ಯುದಾಗಾರಗಳು ಬಹುತೇಕ ಹರಾಜಿನಲ್ಲಿಯೇ ಪರವಾನೆಗಳನ್ನು ಕೊಳ್ಳಬೇಕಾಯಿತು; 2019ರಿಂದ ಹೆಚ್ಚುವರಿ ಪರವಾನೆಗಳನ್ನು ಪೇಟೆಯಿಂದ ಹಿಂತೆಗೆಯಲಾಯಿತು. 2023ರಲ್ಲಿ ಬೆಲೆಯು ಒಮ್ಮೆ ಟನ್ನಿಗೆ 100 ಯೂರೋಗಳನ್ನು ದಾಟಿತು. ಆ ವರ್ಷ ಈ ಪದ್ಧತಿಗೆ ಒಳಪಟ್ಟ ವಿದ್ಯುದಾಗಾರ, ಕಾರ್ಖಾನೆಗಳ ವಾಯುವು 2005ಕ್ಕಿಂತ ಶೇಕಡಾ 40ಕ್ಕೂ ಮಿಕ್ಕಿ ಕಡಿಮೆಯಾಗಿತ್ತು. ಈ ಕೀರ್ತಿಯೆಲ್ಲವೂ ವ್ಯಾಪಾರಕ್ಕೇ ಸಲ್ಲದು. ಗಾಳಿ, ಬಿಸಿಲುಗಳಿಂದ ವಿದ್ಯುತ್ತನ್ನು ಪಡೆಯಲು ಸರಕಾರಗಳು ನೀಡಿದ ನೆರವಿಗೂ ಇದರಲ್ಲಿ ಪಾಲುಂಟು.

ನಮ್ಮ ಭಾರತ ಸರಕಾರವೂ 2023ರಲ್ಲಿ ಇಂತಹ ಯೋಜನೆಯೊಂದನ್ನು ಪ್ರಕಟಿಸಿತು. ಇಲ್ಲಿ ಕಟ್ಟುಪಾಡು ಒಟ್ಟು ವಾಯುವಿಗಲ್ಲ, ತಯಾರಾದ ಪ್ರತಿ ಟನ್ ಸರಕಿಗೆ ಹೊರಬೀಳುವ ವಾಯುವಿಗೆ. ಬೆಳೆಯುತ್ತಿರುವ ದೇಶಕ್ಕೆ ಇದು ಅನುಕೂಲವಾದುದೇ. ಆದರೆ ಉತ್ಪಾದನೆ ಹೆಚ್ಚಿದಂತೆ ಒಟ್ಟು ವಾಯುವೂ ಹೆಚ್ಚಬಹುದೆಂಬುದನ್ನು ಮರೆಯಲಾಗದು.

ಕೆರೆಯ ನೀರನ್ನು ತೂಬು ಹಂಚುತ್ತದೆ. ಹಿಡಿದು ನಿಲ್ಲಿಸುವುದು ಏರಿ. ಈ ಪದ್ಧತಿಯಲ್ಲಿ ವ್ಯಾಪಾರವು ತೂಬು, ಮಿತಿಯೇ ಏರಿ. ಏರಿ ಸಡಿಲವಾದರೆ ತೂಬಿನಿಂದ ಪ್ರಯೋಜನವಿಲ್ಲ. ಮುಂದೆ ಈ ತಾಪವನ್ನು ಸಹಿಸಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಆದುದರಿಂದ ಏರಿಯು ಎಷ್ಟು ಗಟ್ಟಿಯೆಂದು ಕೇಳುವ ಹಕ್ಕೂ ಹೊಣೆಯೂ ನಮ್ಮವೇ ಆಗಿವೆ.