ಬ್ರಿಜ್‌ನಲ್ಲಿ ‘ಡಬಲ್’ ಅಂದ್ರೆ ಬರೀ ದಂಡವಲ್ಲ

ಎಲೆ ಆಟ ಅಂದಕೂಡಲೇ ಜೂಜೆಂದು ಮೂಗು ಮುರಿಯುವವರೇ ಬಹಳ. ಅದೇ 52 ಎಲೆಗಳ ಬ್ರಿಜ್‌ನಲ್ಲಿ 60ರ ಪ್ರಣಬ್ ಬರ್ಧನ್, 56ರ ಶಿಬನಾಥ್ ಸರ್ಕಾರ್ ಜೋಡಿ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದಿತು.

ಈ ಆಟದ ಅರ್ಧ ಜೀವ ಬೋಲಿಯಲ್ಲಿದೆ. ಎದುರಾಳಿ ತಾನು ಕೂಗಿದಷ್ಟು ಪಟ್ಟು ಗೆಲ್ಲಲಾರ ಎನಿಸಿದರೆ ‘ಡಬಲ್’ ಅನ್ನುವುದು ಮೂಲ ಪದ್ಧತಿ. ಆತ ಸೋತರೆ ದಂಡ ಹೆಚ್ಚು. ಆದರೆ ಒಂದರ ಬೋಲಿಯಲ್ಲಿ ದಂಡ ಸಿಗೋದು ಅಪರೂಪ. ಅದಕ್ಕೇ 1957ರಲ್ಲಿ ಅಮೆರಿಕದ ಅಲ್ವಿನ್ ರಾತ್ ‘ನೆಗೆಟಿವ್ ಡಬಲ್’ ತಂದರು. ಅದೇ ವರ್ಷ ಹಾರಿದ ಸೋವಿಯತ್ ಉಪಗ್ರಹದಿಂದ ‘ಸ್ಪುಟ್ನಿಕ್’ ಎಂಬ ಹೆಸರೂ ಬಿತ್ತು.

ಜೋಡಿದಾರ ‘ಒಂದು ಚೌಕಟ’, ಎದುರಾಳಿ ‘ಒಂದು ಇಸ್ಪೀಟ’ ಅಂದ ಮೇಲೆ ನೀವು ‘ಡಬಲ್’ ಅಂದರೆ, ‘ನನ್ನ ಹತ್ರ ಕಡಿಮಿ ಅಂದ್ರ ನಾಕು ಬದಾಮ ಅದಾವ, ನಿನ್ನ ಹತ್ರ ಹೆಂಗ?’ ಎಂದು ಕೇಳಿದಂತೆ. ಜೋಡಿದಾರ ಅದನ್ನು ದಂಡದ ಡಬಲ್ ಎಂದು ತಿಳಿದು ‘ಪಾಸ್’ ಅಂದನೋ, ಕೆಲಸ ಕೆಟ್ಟಿತು. ಕೈಯಲ್ಲಿದ್ದ ಬದಾಮದ ಆಟ ಹೋಗಿ ಎದುರಾಳಿಗೇ ಲಾಭ.

ಕಣ್ಸನ್ನೆಗೆ ಇಲ್ಲಿ ಜಾಗವಿಲ್ಲ. ಒಪ್ಪಂದವನ್ನು ಗುಟ್ಟಾಗಿಡುವಂತೆಯೂ ಇಲ್ಲ, ಎದುರಾಳಿ ಕೇಳಿದರೆ ಅರ್ಥ ಹೇಳಲೇಬೇಕು. ಆದ್ದರಿಂದ ಎಲೆ ಹಂಚುವ ಮುನ್ನವೇ, ಎಷ್ಟರ ಬೋಲಿ ತನಕ ಡಬಲ್ ಅಂದ್ರೆ ಕರೆ, ಅಲ್ಲಿಂದ ಮೇಲೆ ದಂಡ ಎಂಬುದನ್ನು ಜೋಡಿ ಮಾತಾಡಿಕೊಂಡು ಕೂರುವುದೇ ಲೇಸು.